ಗುಳಿಬಿದ್ದ ಮುಖ

ಹೊಸಬನ ಏಟಿಗೆ ತಾಳವಿರಲಿಲ್ಲ. ಕಾದ ಚಿನ್ನದ ಬಿಲ್ಲೆಯನ್ನು ತ್ರೋಫಿಮ ಇಕ್ಕುಳದಿಂದ ಎತ್ತಿ ಕೆಳಗಚ್ಚಿನ ಮೇಲಿಡುತ್ತಿದ್ದ, ಅದರ ಮೇಲೆ ಮೇಲಚ್ಚಿನ ಮೊಳೆಯನ್ನು ನೆಟ್ಟಗೆ ನಿಲ್ಲಿಸಿ ಎಡಗೈ ಬೆರಳುಗಳಲ್ಲಿ ಹಿಡಿದು ಸುತ್ತಿಗೆ ಇಳಿಯುವುದನ್ನು ಕಾಯುತ್ತಿದ್ದ. ಅದು ಒಮ್ಮೆ ಎಣಿಸಿದ್ದಕ್ಕಿಂತ ಬೇಗ ಇಳಿಯುತ್ತಿತ್ತು, ಇನ್ನೊಮ್ಮೆ ಮೇಲೆಯೇ ನಿಂತು ಏನನ್ನೋ ನೆನಪಿಸಿಕೊಳ್ಳುವಂತೆ ತಡ ಮಾಡುತ್ತಿತ್ತು. ಪ್ರತಿ ಸಲವೂ ಬೆರಳುಗಳು ತಮ್ಮಷ್ಟಕ್ಕೆ ತಾವೇ ಮುದುಡುತ್ತಿದ್ದವು. ಈ ಬೆರಳುಗಳಿಗೆ ಹೆದರಿಕೆ ಅನ್ನುವುದು ಗೊತ್ತೇ ಇರಲಿಲ್ಲ. ಮೊನ್ನೆಯವರೆಗೆ ಇಲ್ಲಿ ಹೊಡೆಯುತ್ತಿದ್ದ ತೋಗಿಯ ಸುತ್ತಿಗೆಯ ಕೆಳಗೆ ಅವು ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಿರುತ್ತಿದ್ದವು. ತೋಗಿ ಹೊಡೆಯುವಾಗ ತ್ರೋಫಿಮ ಬೇರೆಲ್ಲೋ ನೋಡುತ್ತ, ಬೆಳಗಿನ ಅಂಬಲಿಯ ಹುಳಿಯನ್ನೋ ಹುಟ್ಟಿದೂರಿನ ಬಂದರನ್ನೋ ನೆನೆಯುತ್ತ ಇರಬಹುದಾಗಿತ್ತು. ಹಾಗೆ ಬೇರೆಲ್ಲೋ ನೋಡಿದ್ದರಿಂದಲೇ ಇದೆಲ್ಲ ಆಯಿತು ಎಂಬುದು ನೆನಪಾಗಿ ಹೊಟ್ಟೆಯನ್ನು ಒಳಕ್ಕೆಳೆದುಕೊಂಡ. ನುಂಗಿದ್ದು ಈಗ ಒಳಗೆ ಎಲ್ಲಿದೆಯೋ ಹೇಳುವುದು ಸಾಧ್ಯವಿರಲಿಲ್ಲ. ಮೊನ್ನೆ ಗಂಟಲಿನಿಂದ ಎದೆಯ ನಡುವಿನವರೆಗೆ ಬೆಚ್ಚಗೆ ಇಳಿದದ್ದು ಗೊತ್ತಾಗಿತ್ತು. ಆಮೇಲೆ ಮೈ ಅದನ್ನು ಬಚ್ಚಿಟ್ಟುಕೊಂಡಿತು. ಮೊನ್ನೆಯಿಂದ ಕಕ್ಕಸಿಗೆ ಹೋಗಿಲ್ಲ. ಹೋಗಬೇಕು ಅನ್ನಿಸಿದಾಗಲೆಲ್ಲ ಬಾಗಿಲಲ್ಲಿ ನಿಂತ ಸಿಪಾಯಿಯ ಪ್ರಶ್ನೆ ಕಿವಿಯಲ್ಲಿ ಕೇಳಿ ಕರುಳು ಗಂಟಾಗುತ್ತಿತ್ತು. ‘ಮುಖ ಇದೆಯಾ?’

ಅದು ಈ ಟಂಕಸಾಲೆಯ ಪ್ರಶ್ನೆಯಷ್ಟೇ ಅಲ್ಲ, ಲುಗ್ದುನ ಪಟ್ಟಣದ ತುಂಬ ಈಗ ಎಲ್ಲ ಕಕ್ಕಸಿನ ಬಾಗಿಲಲ್ಲೂ ಯಾರಾದರೊಬ್ಬರು ಕೇಳುವ ಪ್ರಶ್ನೆ. ಚಕ್ರವರ್ತಿಯ ಮುಖವಿರುವ ಉಂಗುರ, ಮುಖವಿರುವ ನಾಣ್ಯ, ಯಾವುದನ್ನೂ ಹೊಲಸು ಜಾಗಕ್ಕೆ ಒಯ್ಯುವಂತಿಲ್ಲ. ಒಯ್ದವನು ದ್ರೋಹಿ. ಬಾಗಿಲ ಪಕ್ಕದ ಕಲ್ಲಿನ ಗೂಡಿನಲ್ಲಿ ಎಲ್ಲವನ್ನೂ ತೆಗೆದಿಟ್ಟು ಒಳಗೆ ಹೋಗಬೇಕು. ದ್ರಾಕ್ಷಾರಸದ ವ್ಯಾಪಾರಿಯೊಬ್ಬ ಸೆರಗಿನ ಗಂಟಿನಲ್ಲಿ ಮರೆತುಹೋಗಿದ್ದ ಒಂದೇ ಒಂದು ಬೆಳ್ಳಿಯ ಬಿಲ್ಲೆಗಾಗಿ ಮನೆಮಾರು ಕಳೆದುಕೊಂಡ ಸುದ್ದಿ ಬಂದಾಗ ತೋಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ‘ನಮ್ಗೆ ಆ ಚಿಂತೆ ಇಲ್ಲ ಬಿಡು. ನಮ್ಮ ಸೊಂಟದ ಗಂಟಲ್ಲಿ ಅವನು ಯಾವತ್ತು ಕೂತಿದಾನೆ? ದಿನವಿಡೀ ಅವನ್ ಮುಖ ಹೊಡೀತೀವಿ, ಸಂಜೆ ಬರಿಗೈಲಿ ಕಕ್ಕಸಿಗೆ ಹೋಗ್ತೀವಿ. ನಮ್ಮಷ್ಟು ರಾಜಭಕ್ತರು ಯಾರಿದಾರೆ ಹೇಳು.’

ಸುತ್ತಿಗೆ ಇಳಿಯಿತು. ತ್ರೋಫಿಮ ಮೊಳೆಯನ್ನೆತ್ತಿ ಅದರ ಮುಖ ನೋಡಿದ, ಎತ್ತಿದ, ನೋಡಿದ. ಈಗ ಪ್ರತಿ ಏಟಿಗೂ ನೋಡುತ್ತಿದ್ದ, ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ತಂದು ನೋಡುತ್ತಿದ್ದ. ಕೆಳಗಚ್ಚಿನಲ್ಲಿ ಚಕ್ರವರ್ತಿ, ಮೇಲಚ್ಚಿನಲ್ಲಿ ಕೈಯಲ್ಲಿ ರೆಂಬೆ ಹಿಡಿದು ಪೀಠದ ಮೇಲೆ ಕೂತ ಹೆಂಗಸು. ಅವಳು ಶಾಂತಿದೇವತೆ ಅಂತ ಕೆಲವರು, ಚಕ್ರವರ್ತಿಯ ತಾಯಿ ಅಂತ ಕೆಲವರು. ಅಡಿಗಲ್ಲಿನ ಮೇಲೆ ನಾಣ್ಯ ಹೊಡೆಯುವ ಆಳುಗಳಿಗೆ ಅವಳು ಬರೀ ಅಮ್ಮ. ಒಮ್ಮೊಮ್ಮೆ ಹೊಡೆದ ನಾಣ್ಯ ಕೆಳಗೆ ಬೀಳದೆ ಅಮ್ಮನಿಗೇ ಅಂಟಿಕೊಂಡು ಮೊಳೆಯ ಜೊತೆ ಮೇಲಕ್ಕೆ ಹೋಗಿಬಿಡುತ್ತದೆ. ಮೊಳೆ ಹಿಡಿದವನು ಅದನ್ನು ನೋಡಿ ಬಿಡಿಸಬೇಕು. ನೋಡದೆ ಇನ್ನೊಂದು ಬಿಲ್ಲೆ ಇಟ್ಟು ಏಟು ಹಾಕಿಸಿದರೆ ಅದರ ಒಂದು ಮಗ್ಗುಲಲ್ಲಿ ಕೆಳಗಚ್ಚಿನ ಮುಖ ಉಬ್ಬಿ ಮೂಡುತ್ತದೆ, ಇನ್ನೊಂದು ಮಗ್ಗುಲಲ್ಲಿ ಅಂಟಿಕೊಂಡ ನಾಣ್ಯದ ಮುಖ ಒಳಕ್ಕೆ ಒತ್ತಿಕೊಂಡು ಗುಳಿ ಬೀಳುತ್ತದೆ. ಅಮ್ಮ ಇಲ್ಲ. ಎರಡು ಕಡೆಯೂ ಅವನೇ: ಒಂದು ಕಡೆ ಉಬ್ಬಿದವನು, ಇನ್ನೊಂದು ಕಡೆ ಟೊಳ್ಳಾದವನು.

ಮೊನ್ನೆ ತ್ರೋಫಿಮ ಬಾಗಿಲ ಸಿಪಾಯಿಯನ್ನು ನೋಡುತ್ತಿದ್ದ. ಸಿಪಾಯಿ ಬೆಂದ ಮೊಟ್ಟೆಯೊಂದನ್ನು ಗೋಡೆಗೆ ಕುಟ್ಟಿ ಸಿಪ್ಪೆ ಸುಲಿಯುತ್ತಿದ್ದ. ಸಿಪ್ಪೆಯ ಒಳಮೈ ಬೆಳ್ಳಗೆ, ತಗ್ಗಾಗಿ, ಅವನ ಅಂಗೈಯಲ್ಲಿ ಚೂರುಚೂರಾಗಿ ಉಳಿಯುತ್ತಿತ್ತು. ಆ ಮೊಟ್ಟೆಯ ಮೇಲೆ ಬಿದ್ದ ಆಸೆಯಲ್ಲಿ ಒಂದೇ ಒಂದು ಸಲ ಮೊಳೆಯ ಮುಖ ನೋಡಲಿಲ್ಲ. ಏಟಿನ ಸದ್ದು ಬೇರೆಯಾಗಿತ್ತು, ಕೊಂಚ ಮೊದ್ದು. ತೋಗಿಗೆ ಒಂದು ಕಿವಿ ಪೂರ್ತಿ ಹೋಗಿತ್ತು, ಆದರೂ ಮೊದಲು ಗೊತ್ತಾದದ್ದು ಅವನಿಗೇ. ಸುತ್ತಿಗೆಯನ್ನು ಮೊಣಕಾಲಿಗೊರಗಿಸಿ ಬಗ್ಗಿ ನೋಡಿದ.

‘ಏನೋ ಮಾರಾಯ,’ ಅಂದ ಮೆತ್ತಗೆ. ‘ಅಮ್ಮನ ಜಾಗಕ್ಕೆ ಮಗ ಬಂದು ಕೂತ್ನಲ್ಲೋ.’

ತ್ರೋಫಿಮ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಒಲೆಯ ಬೆಳಕಿಗೆ ತಿರುಗಿಸಿದ. ಇಷ್ಟು ವರ್ಷ ಹೊಡೆದ ಮುಖಗಳಲ್ಲಿ ಒಂದೂ ಅವನನ್ನು ನೋಡಿರಲಿಲ್ಲ. ಅವೆಲ್ಲ ಪಕ್ಕಕ್ಕೆ ತಿರುಗಿದ ಮುಖಗಳು. ತಲೆಗೆ ಎಲೆಯ ಕಿರೀಟ, ಮೂಗು ಬಲಕ್ಕೆ, ಕಣ್ಣು ನಾಣ್ಯದ ಅಂಚಿನಾಚೆ ಇರುವ ಏನನ್ನೋ ದಿಟ್ಟಿಸುವುದು. ಅವನು ಹಾಗೆ ನೋಡದಿರುವುದರಲ್ಲೇ ತಮಗೆಲ್ಲ ಒಂದು ನೆಮ್ಮದಿಯಿತ್ತೆಂದು ಆ ಗಳಿಗೆಯಲ್ಲಿ ಹೊಳೆಯಿತು. ಯಾಕೆಂದರೆ ಈ ಗುಳಿಬಿದ್ದ ಮುಖ ಎಡಕ್ಕೆ ತಿರುಗಿತ್ತು, ಬೆಳಕು ಓರೆಯಾಗಿ ಬಿದ್ದಾಗ ತಗ್ಗು ಉಬ್ಬಿದಂತೆ ಕಂಡು, ಅಂಗೈ ಅಲುಗಿದರೆ ಸಾಕು ಕೆನ್ನೆ ಮೆಲ್ಲಗೆ ಇತ್ತ ಹೊರಳುವಂತಿತ್ತು. ಇನ್ನೊಂದಿಷ್ಟು ಅಲುಗಿಸಿದರೆ ಪೂರ್ತಿ ತಿರುಗಿ ಯಾರು ನೀನು ಎಂದು ಕೇಳಿಬಿಡುವಂತೆ.

‘ತಿರುಗಿ ನೋಡ್ತಾನೆ ಕಣೋ,’ ಎಂದ ತೋಗಿ. ಅವನ ಬಲಗೈ ಹಳೆಯ ರೂಢಿಯಿಂದ ಸುತ್ತಿಗೆಯನ್ನು ಎತ್ತಿತು. ‘ಕಣ್ಣು ಮುಚ್ಚಿಸ್ಲಾ?’

ಎತ್ತಿದ ಸುತ್ತಿಗೆ ಅಲ್ಲೇ ನಿಂತಿತು. ಕಣ್ಣು ಮುಚ್ಚಿಸುವುದೆಂದರೆ, ಕೆಟ್ಟ ನಾಣ್ಯವನ್ನು ಮೂಸೆಗೆ ಹಾಕುವ ಮೊದಲು ಮುಖ ಅಳಿಸಿಹೋಗುವ ತನಕ ಸುತ್ತಿಗೆಯಿಂದ ತಟ್ಟುವುದು. ಮುಖವಿರುವುದನ್ನು ಬೆಂಕಿಗೆ ಹಾಕಬಾರದೆಂದು ಅಜ್ಜಂದಿರ ಕಾಲದ ಆಳುಗಳು ಮಾಡಿಕೊಂಡ ಪದ್ಧತಿ. ಒಂದು ಥರದ ಮರ್ಯಾದೆ. ಪಕ್ಕದ ಅಡಿಗಲ್ಲಿನ ಅಂತೆರೋಸ ಈ ಚಳಿಗಾಲದಲ್ಲಿ ಹಾಗೆಯೇ ಒಂದರ ಕಣ್ಣು ಮುಚ್ಚಿಸಿದ್ದ. ಯಾರೋ ಹೋಗಿ ಹೇಳಿದರು. ಚಕ್ರವರ್ತಿಯ ಮುಖಕ್ಕೆ ಸುತ್ತಿಗೆ ಬೀಸಿದವನು ಎಂದು ಹೇಳಿದರು. ಮುಖ ಮೂಡಿಸಲು ಹೊಡೆದರೆ ಸೇವೆ, ಅದೇ ಸುತ್ತಿಗೆಯಿಂದ ಅದೇ ಮುಖಕ್ಕೆ ಇನ್ನೊಂದು ಏಟು ಹೆಚ್ಚು ಹಾಕಿದರೆ ದ್ರೋಹ. ಎಷ್ಟನೆಯ ಏಟಿಗೆ ಸೇವೆ ಮುಗಿದು ದ್ರೋಹ ಶುರುವಾಗುತ್ತದೆಂದು ಕೇಳುವ ಬಾಯಿ ಯಾರಿಗೂ ಇರಲಿಲ್ಲ. ಮೃಗಗಳ ಬಯಲಿಗೆ, ನೋಡಲೆಂದು, ಆಳುಗಳೆಲ್ಲರನ್ನೂ ಸಾಲಾಗಿ ಕರೆದೊಯ್ದು ಕೂರಿಸಿದ್ದರು. ಕರಡಿ ಬರುವ ಮೊದಲು ಅಂತೆರೋಸ ಮರಳಿನ ನಡುವೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ಮೆಟ್ಟಿಲುಗಳತ್ತ ನೋಡಿದ್ದ, ಸಂತೆಯಲ್ಲಿ ಮನೆಯವರನ್ನು ಹುಡುಕುವವನ ಹಾಗೆ. ತ್ರೋಫಿಮ ತಲೆ ತಗ್ಗಿಸಿ ತನ್ನ ಚಪ್ಪಲಿಯ ಬಾರನ್ನು ಬಿಚ್ಚಿ ಕಟ್ಟಿದ್ದ. ಮರುದಿನ ಮೇಲ್ವಿಚಾರಕ ಫಿಲೋಕಾಲ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಹೇಳಿದ: ‘ಕೆಟ್ಟ ನಾಣ್ಯನ ಏನ್ ಮಾಡ್ಬೇಕು ಅಂತ ನನ್ನ ಕೇಳ್ಬೇಡಿ. ಕೆಟ್ಟ ನಾಣ್ಯ ಅನ್ನೋದೇ ಇಲ್ಲ ಇನ್ಮೇಲೆ.’

‘ಕೆಳಗಿಡೋ ಸುತ್ತಿಗೆ,’ ಎಂದಿದ್ದ ತ್ರೋಫಿಮ.

‘ಇಟ್ಟೆ. ಈಗೇನ್ ಮಾಡ್ತೀಯ?’ ತೋಗಿ ಸಿಪಾಯಿಯತ್ತ ಬೆನ್ನು ಹಾಕಿ ನಿಂತ. ಅಷ್ಟಗಲದ ಬೆನ್ನು. ‘ಚೆಲ್ಲೋಕಾಗಲ್ಲ, ಮುಖದ ಕಿವಿ ಹಿಂದಿರೋ ಬಿರುಕು ನಮ್ಮ ಅಚ್ಚಿಂದೇ ಅಂತ ಕುರುಡನೂ ಹೇಳ್ತಾನೆ. ಮೂಸೆಗೆ ಹಾಕೋಕಾಗಲ್ಲ. ನುಂಗ್ಬಿಡು.’

‘ಏನು?’

‘ನುಂಗೋ. ತೂಕ ಹಾಕೋದು ವಾರದ ಕೊನೆಗೆ. ಅಷ್ಟೊತ್ತಿಗೆ ಹೊರಗೆ ಬರ್ತಾನೆ, ಒಲೆ ಕಾವಲು ನಂದೇ ಇರೋ ದಿನ ನಾನು ನೋಡ್ಕೋತೀನಿ. ನಮ್ಮೂರನ್ನೆಲ್ಲ ಅವನು ನುಂಗಿದಾನೆ. ಒಂದ್ಸಲ ನೀನು ಅವನನ್ನ ನುಂಗು.’

‘ನೀನೇ ನುಂಗು ಹಾಗಾದ್ರೆ.’

‘ಮೊಳೆಯ ಮುಖ ನೋಡೋ ಕೆಲಸ ಯಾರ್ದಪ್ಪ? ಹೊಟ್ಟೆನೂ ಅವರ್ದೇ.’ ತೋಗಿ ನಗುತ್ತಿದ್ದ. ನಗುತ್ತಲೇ ಸಿಪಾಯಿಗೆ ಬಾಯಾರಿದೆಯೆಂದು ಸನ್ನೆ ಮಾಡಿ, ಮೂಲೆಯ ಗಡಿಗೆಯಿಂದ ಒಂದು ಸೌಟು ನೀರು ತಾನು ಕುಡಿದಂತೆ ಮಾಡಿ, ಬಾಯಿ ತುಂಬ ಇಟ್ಟುಕೊಂಡು ಬಂದು ಮರದ ಬಟ್ಟಲಿಗೆ ಉಗುಳಿ ತ್ರೋಫಿಮನ ಮುಂದಿಟ್ಟ. ‘ಅಸಹ್ಯ ಪಟ್ಕೋಬೇಡ. ಗಂಟಲಿಗೆ ಸಿಕ್ಕೊಂಡ್ರೆ ಅದಕ್ಕಿಂತ ಅಸಹ್ಯ.’

ತ್ರೋಫಿಮ ನುಂಗಿದ. ಅದಿನ್ನೂ ಬೆಚ್ಚಗಿತ್ತು.

ಇದ್ದಿಲ ಕೊಟ್ಟಿಗೆಯ ಕಡೆಯಿಂದ ಕೆಮ್ಮು ಕೇಳಿಸಿತು. ಹೊಸಬ ಸುತ್ತಿಗೆ ಎತ್ತಿದವನು ಹಾಗೇ ನಿಲ್ಲಿಸಿ, ‘ಅವನೇನಾ?’ ಅಂದ. ‘ನಿನ್ ಕೆಲಸ ನೋಡು,’ ಅಂದ ತ್ರೋಫಿಮ. ಕೆಮ್ಮಿನ ಹಿಂದೆಯೇ ವಾಂತಿಯ ಸದ್ದು ಬಂತು. ಏನೂ ಬಾರದ ವಾಂತಿ, ಹಗ್ಗವೊಂದನ್ನು ಕಲ್ಲಿನ ಮೇಲೆ ಎಳೆದ ಹಾಗೆ. ತೋಗಿಗೆ ಭೇದಿ ಮದ್ದು ಮೊನ್ನೆ ಸಂಜೆಯಿಂದ ನಡೆದಿದೆ. ಗಡಿಯ ಸೈನ್ಯಕ್ಕೆ ಸಂಬಳದ ಪೆಟ್ಟಿಗೆ ಎರಡು ದಿನ ಮೊದಲೇ ಹೊರಡಬೇಕೆಂದು ಆಜ್ಞೆ ಬಂದು, ವಾರದ ತೂಕ ಮೊನ್ನೆ ಸಂಜೆಯೇ ಆಗಿಹೋಯಿತು. ಪ್ರತಿ ಅಡಿಗಲ್ಲಿನದು ಬೇರೆಬೇರೆ ತಕ್ಕಡಿಗೆ. ಅವರದು ಮೇಲೆದ್ದಿತು, ಬರೀ ಒಂದು ನಾಣ್ಯದಷ್ಟು. ತಕ್ಕಡಿಯ ತಟ್ಟೆ ಗಾಳಿಯಲ್ಲಿ ತೂಗುತ್ತಿದ್ದುದನ್ನು ನೋಡುತ್ತ ತ್ರೋಫಿಮನಿಗೆ, ಹೊಟ್ಟೆಯೊಳಗಿನದನ್ನು ಯಾರೋ ದಾರ ಕಟ್ಟಿ ಎಳೆಯುತ್ತಿರುವಂತೆ ಅನ್ನಿಸಿತ್ತು. ಫಿಲೋಕಾಲ ಕೂಗಾಡುವವನಲ್ಲ. ಅವನೂ ಒಂದು ಕಾಲದ ಆಳು. ಬಿಡುಗಡೆಯಾಗಿ, ಬೋಳು ತಲೆಗೆ ಸುಗಂಧದೆಣ್ಣೆ ಹಚ್ಚಿ, ಕೊರಳ ಪಟ್ಟಿಯ ಕಲೆ ಕಾಣದಂತೆ ಶಾಲು ಸುತ್ತುತ್ತಿದ್ದ. ಅವನು ಇಬ್ಬರನ್ನೂ ಎದುರಿಗೆ ಕೂರಿಸಿ ಬೇಸರದ ದನಿಯಲ್ಲಿ ಕೇಳಿದ.

‘ಇಬ್ಬರಲ್ಲಿ ಒಬ್ರು. ಇಬ್ಬರನ್ನೂ ಕೂಡಿಹಾಕಿದ್ರೆ ಸೈನ್ಯದ ಸಂಬಳ ನಾನು ಕೂತು ಹೊಡೀಲಾ? ತ್ರೋಫಿಮ, ಇವತ್ತು ಜಾಗ ಬಿಟ್ಟು ಎದ್ದೋರು ಯಾರು?’

ಯಾರೂ ಇಲ್ಲ ಅನ್ನಬಹುದಾಗಿತ್ತು. ಗೊತ್ತಿಲ್ಲ ಅನ್ನಬಹುದಾಗಿತ್ತು. ಎಷ್ಟೋ ಮಾತುಗಳಿದ್ದವು, ಎಲ್ಲವೂ ಸುಳ್ಳು. ಅವನ ಬಾಯಿಂದ ಹೊರಟದ್ದು ಮಾತ್ರ ಸತ್ಯ. ‘ತೋಗಿ ನೀರು ಕುಡಿಯೋಕೆ ಹೋಗಿದ್ದ, ಧಣಿ.’

ತೋಗಿ ಅವನ ತುಟಿಗಳನ್ನು ನೋಡುತ್ತಿದ್ದ, ಕಿವಿ ಹೋದವರು ನೋಡುವ ಹಾಗೆ. ಕೇಳಿದ್ದು ಸರಿಯೋ ಎಂದು ಇನ್ನೊಮ್ಮೆ ನೋಡಿದ. ಆಮೇಲೆ ಫಿಲೋಕಾಲನ ಕಡೆ ತಿರುಗಿ, ‘ಹೌದು. ಬಾಯಾರಿತ್ತು,’ ಅಂದ.

ಆ ‘ಹೌದು’ ಮೊನ್ನೆಯಿಂದ ತ್ರೋಫಿಮನ ಎದೆಯಲ್ಲಿ ನಾಣ್ಯಕ್ಕಿಂತ ಭಾರವಾಗಿ ಕೂತಿದೆ. ತೋಗಿ ಕೂಗಿದ್ದರೆ, ಇವನ ಹೊಟ್ಟೆ ಸೀಳಿ ನೋಡಿ ಅಂದಿದ್ದರೆ, ಇವನಿಗೂ ಅವನ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಿದ್ದರೆ ನಿದ್ದೆಯೂ ಬರುತ್ತಿತ್ತು. ಅವನು ಹಾಗೇಕೆ ಮಾಡಲಿಲ್ಲ? ತನ್ನನ್ನು ಉಳಿಸಲೆಂದೋ, ಅಥವಾ ಇಂಥವನ ಹೆಸರನ್ನು ಬಾಯಿಗೆ ತಂದುಕೊಳ್ಳುವುದೂ ಬೇಡವೆಂದೋ? ಎರಡನೆಯದೇ ಇರಲಿ ಎಂದು ತ್ರೋಫಿಮ ಆಸೆಪಟ್ಟ. ತಿರಸ್ಕಾರವನ್ನು ಸಹಿಸಿಕೊಳ್ಳುವುದು ಆಳಿಗೆ ಗೊತ್ತು. ಇನ್ನೊಂದನ್ನು ಏನು ಮಾಡಬೇಕೆಂದು ಯಾರೂ ಅವನಿಗೆ ಕಲಿಸಿರಲಿಲ್ಲ.

ನೀರಿಗೆಂದು ಎದ್ದಾಗ ಗಡಿಗೆಯ ಹತ್ತಿರ ಮಾತುಗೆನ ಕೂತಿದ್ದಳು. ಟಂಕಸಾಲೆಯ ಮೋರಿಗಳಿಗೆಲ್ಲ ಕೊನೆಯಲ್ಲಿ ಹೆಣಿಗೆಯ ಜರಡಿ ಕಟ್ಟಿದೆ. ಗುಡಿಸಿದ ಕಸ, ಕೈ ತೊಳೆದ ನೀರು, ಕಕ್ಕಸಿನ ಹೊಲಸು ಎಲ್ಲವನ್ನೂ ಈ ಮುದುಕಿ ತೊಳೆದು ಜಾಲಿಸಿ ಚಿನ್ನದ ಪುಡಿ ತೆಗೆಯುತ್ತಾಳೆ. ಮೊನ್ನೆಯಿಂದ ತೋಗಿಯ ಭೇದಿಯನ್ನು ಜಾಲಿಸುವ ಇನ್ನೊಂದು ಕೆಲಸ ಅವಳಿಗೆ ಸೇರಿತ್ತು. ಪಕ್ಕದಲ್ಲಿ ಮುಚ್ಚಿದ ಮಡಿಕೆ ಇತ್ತು.

‘ಏನಾದ್ರೂ ಸಿಕ್ತಾ ಅಜ್ಜಿ?’ ಅಂದ. ದನಿ ಸಹಜವಾಗಿಯೇ ಬಂತು. ಅದು ಅವನಿಗೆ ಅಸಹ್ಯ ತಂದಿತು.

‘ಇದ್ರಲ್ವಾ ಸಿಗೋಕೆ. ನಿನ್ನೆ ರಾತ್ರಿಯಿಂದ ಬರೀ ರಕ್ತ.’ ಅವಳು ತಲೆಯೆತ್ತಲಿಲ್ಲ. ‘ನಮ್ಮೂರ ಕಡೆ ಹುಡುಗ. ಅವರಪ್ಪನೂ ಹೀಗೇ, ಕೋಣ. ಬಂಗಾರ ಸಿಕ್ಬಿಟ್ರೆ ಗಣಿಗೆ ಹಾಕ್ತಾರಂತೆ, ಜೀವ ಇರುತ್ತೆ. ಸಿಗದೇ ಹೋದ್ರೆ ಇವತ್ತು ಮಧ್ಯಾಹ್ನಕ್ಕೆ ಶಿಲುಬೆ. ನುಂಗಿದ್ರೆ ಕಕ್ಕೋ ಮಾರಾಯ ಅಂತ ನಾನೂ ಹೇಳ್ದೆ.’

‘ಅವನೇನಂದ?’

‘ನಿನ್ನ ಬೆರಳು ಹೇಗಿದಾವೆ ಅಂತ ಕೇಳ್ದ.’

ತ್ರೋಫಿಮ ಸೌಟನ್ನು ಗಡಿಗೆಯಲ್ಲಿ ಮುಳುಗಿಸಿ ಹಾಗೆಯೇ ಹಿಡಿದುಕೊಂಡಿದ್ದ.

‘ಹೊಸಬ್ರಿಗೆ ಕೈ ಕೂತಿರಲ್ಲ, ಜಜ್ಜಿ ಹಾಕ್ತಾರೆ, ಮೊಳೆ ಕೊಂಚ ಕೆಳಗೆ ಹಿಡಿ ಅನ್ನು ಅಂದ. ಹೇಳ್ತೀನಿ ಅಂದೆ. ಹೇಳಿದೀನಿ.’ ಅವಳು ಮಡಿಕೆಯನ್ನು ಸೊಂಟಕ್ಕೇರಿಸಿಕೊಂಡು ಎದ್ದಳು. ಆಗ ಒಮ್ಮೆ ಅವನನ್ನು ನೋಡಿದಳು, ಮುಖವನ್ನಲ್ಲ, ಹೊಟ್ಟೆಯನ್ನು. ಅಥವಾ ಅವನಿಗೆ ಹಾಗನ್ನಿಸಿತು. ‘ನೀನು ಮೊನ್ನೆಯಿಂದ ಕಕ್ಕಸಿಗೆ ಬಂದಿಲ್ಲ ಅಲ್ವಾ?’ ಅಂದಳು. ‘ನಂಗೇನು. ನನ್ ಕೆಲಸ ಕಡಿಮೆ.’

ಅಡಿಗಲ್ಲಿಗೆ ಮರಳಿ ಮೊಳೆಯನ್ನು ಕೊಂಚ ಕೆಳಗೆ ಹಿಡಿದ. ಬೆರಳುಗಳಿಗೆ ಸಮಾಧಾನವಾಯಿತು. ಅವಕ್ಕೆ ಸಮಾಧಾನವಾದದ್ದು ಕಂಡು ಅವನ್ನು ಸುತ್ತಿಗೆಯ ಕೆಳಗೆ ತಾನೇ ತುರುಕಬೇಕೆನಿಸಿತು. ಲೆಕ್ಕ ಕಷ್ಟದ್ದಲ್ಲ, ಮೊನ್ನೆಯಿಂದ ಅದೇ ಲೆಕ್ಕ. ನಾಣ್ಯವನ್ನು ತಂದು ಫಿಲೋಕಾಲನ ಮುಂದಿಟ್ಟು, ಮೊಳೆಯ ಮುಖ ನೋಡಬೇಕಾದವನು ನಾನು, ನೋಡಲಿಲ್ಲ, ನುಂಗಿದವನೂ ನಾನು, ತೋಗಿ ನೀರು ತಂದದ್ದಷ್ಟೇ ಎಂದರೆ ತೋಗಿ ಗಣಿಗೆ ಹೋಗುತ್ತಾನೆ. ಗಣಿಯಲ್ಲೂ ಸುತ್ತಿಗೆ ಇರುತ್ತದೆ, ಅವನು ಬದುಕುತ್ತಾನೆ. ಮರಳ ಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ನಿಲ್ಲುವವನು ತಾನು. ಚಕ್ರವರ್ತಿಯ ಮುಖವನ್ನು ಟೊಳ್ಳು ಮಾಡಿ, ಹೊಲಸಿನ ಚೀಲದೊಳಗೆ ಎರಡು ದಿನ ಇಟ್ಟುಕೊಂಡವನಿಗೆ ಕರಡಿಯೂ ಕಡಿಮೆಯೇ. ಮೆಟ್ಟಿಲುಗಳ ಮೇಲೆ ಉಳಿದವರು ಕೂತಿರುತ್ತಾರೆ. ಚಪ್ಪಲಿಯ ಬಾರು ಬಿಚ್ಚಿ ಕಟ್ಟುತ್ತಾರೆ. ಆ ಚಿತ್ರ ಬಂದಕೂಡಲೇ ಲೆಕ್ಕ ತಪ್ಪಿಹೋಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಫಿಲೋಕಾಲ ಸುತ್ತು ಹೊಡೆಯುತ್ತ ಬಂದ. ಅಂಗೈಯಲ್ಲಿ ಎಲೆಯ ಮೇಲೆ ಜೇನಿನಲ್ಲಿ ನೆನೆಸಿದ ಒಣ ಅಂಜೂರ. ಹೊಸಬನಿಗೆ ಪಕ್ಕಕ್ಕೆ ಹೋಗೆಂದು ಗದ್ದ ಆಡಿಸಿದ.

‘ಹೇಗಿದಾನೆ ಇವನು? ಬೆರಳು ಹುಷಾರು. ಏಟು ಹಾಕೋರು ಊರ ತುಂಬ ಸಿಗ್ತಾರೆ ಕಣಯ್ಯಾ, ಬೆರಳು ಸಿಗಲ್ಲ.’ ಅವನು ತ್ರೋಫಿಮನ ಎಡಗೈಯನ್ನು ಹಿಡಿದೆತ್ತಿ, ಕೊಳ್ಳುವ ಕುದುರೆಯ ಹಲ್ಲು ನೋಡುವ ಹಾಗೆ ತಿರುಗಿಸಿ ನೋಡಿದ. ‘ನೀನು ಮೊನ್ನೆ ಮಾತಾಡಿದ್ದು ಒಳ್ಳೇದಾಯ್ತು. ಇಲ್ದಿದ್ರೆ ನಾನು ಇಬ್ಬರನ್ನೂ ಕಳ್ಕೋಬೇಕಿತ್ತು. ತಗೋ.’

‘ಬೇಡ ಧಣಿ, ಹೊಟ್ಟೆ ತುಂಬಿದೆ.’

‘ತುಂಬಿದೆ ಅಂದ್ರೆ? ಆಳಿನ ಹೊಟ್ಟೆ ಯಾವಾಗ ತುಂಬ್ತು? ನಾನೂ ಆಳಾಗಿದ್ದವ್ನೇ.’ ಫಿಲೋಕಾಲ ನಕ್ಕ. ಕಣ್ಣು ನಗಲಿಲ್ಲವೋ, ಕಣ್ಣಿನ ಸುತ್ತ ಎಣ್ಣೆ ಮಿನುಗಿದ್ದರಿಂದ ಹಾಗೆ ಕಂಡಿತೋ. ‘ತಿನ್ನು. ನನ್ನೆದುರಿಗೇ ತಿನ್ನು. ಮುಖ ಬಾಡಿದೆ ನಿಂದು.’

ತ್ರೋಫಿಮ ತಿಂದ. ಒಂದಾದ ಮೇಲೆ ಒಂದು, ಎಲೆ ಖಾಲಿಯಾಗುವ ತನಕ. ಬೀಜಗಳು ಹಲ್ಲಿನ ಸಂದಿಯಲ್ಲಿ ಕರಕರ ಅಂದವು. ಜೇನು ಹಿತವಾಗಿತ್ತು. ಅದು ಹಿತವಾಗಿದ್ದುದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಅವಮಾನವೆನಿಸಿತು. ಕೊಟ್ಟಿಗೆಯಿಂದ ಹಗ್ಗ ಎಳೆಯುವ ಆ ಸದ್ದು ಬರುತ್ತಿರುವಾಗ ನಾಲಿಗೆ ಮಾತ್ರ ತನಗೇನೂ ಸಂಬಂಧವಿಲ್ಲದ ಹಾಗೆ ಸಿಹಿ ಹೀರುತ್ತಿತ್ತು. ತಿಂದು ಮುಗಿಸಿ, ಯಾರೂ ಹೇಳದಿದ್ದರೂ ಬಗ್ಗಿ ಫಿಲೋಕಾಲನ ಕೈಗೆ ಮುತ್ತಿಟ್ಟ. ಸುಗಂಧದೆಣ್ಣೆಯ ವಾಸನೆ ತುಟಿಗೆ ಅಂಟಿತು.

ಬಿಸಿಲು ಏರುವ ಹೊತ್ತಿಗೆ ಅಂಜೂರ ತನ್ನ ಕೆಲಸ ಮಾಡಿತು. ಮೊದಲು ಒಂದು ಸಣ್ಣ ನೋವು, ಆಮೇಲೆ ತಡೆಯಲಾರದ ಒತ್ತಡ. ಹೊಸಬನಿಗೆ ನಿಲ್ಲು ಎಂದು ಹೇಳಿ, ತೊಡೆಗಳನ್ನು ಬಿಗಿಹಿಡಿದು, ಅಂಗಳ ದಾಟಿ ಓಡಿದ. ಕಕ್ಕಸಿನ ಬಾಗಿಲಲ್ಲಿ ಮೊನ್ನೆ ಮೊಟ್ಟೆ ತಿಂದ ಅದೇ ಸಿಪಾಯಿ ಗೋಡೆಗೊರಗಿ ಕೂತಿದ್ದ. ಗೂಡಿನಲ್ಲಿ ಯಾರೋ ಮರೆತುಹೋದ ಎರಡು ಉಂಗುರ.

‘ಮುಖ ಇದೆಯಾ?’

‘ಇಲ್ಲ.’

‘ಓಡೋದ್ ನೋಡಿದ್ರೆ ಬಾಗಿಲಲ್ಲೇ ಆಗುತ್ತೇನೋ. ಹೋಗು, ಹೋಗು.’

ಒಳಗೆ ಯಾರೂ ಇರಲಿಲ್ಲ. ತೂತಿನ ಕಲ್ಲುಗಳ ಸಾಲು, ಕೆಳಗೆ ನೀರು ಹರಿಯುವ ಸದ್ದು. ಆ ನೀರು ಮಾತುಗೆನಳ ಜರಡಿಗೆ ಹೋಗುತ್ತದೆ. ಕಲ್ಲಿನ ಮೇಲೆ ಕೂರದೆ ಮೂಲೆಯಲ್ಲಿ ನೆಲದ ಮೇಲೆ ನಾಯಿಯ ಹಾಗೆ ಕುಕ್ಕರಗಾಲಲ್ಲಿ ಕೂತ. ಎರಡು ದಿನದ ಹೆದರಿಕೆಯೆಲ್ಲ ಒಮ್ಮೆಗೇ ಹೊರಬಿತ್ತು. ಕಲ್ಲಿಗೆ ಚಿನ್ನ ತಗುಲಿದ ಸದ್ದು ಅವನಿಗೆ ಗೊತ್ತು, ಹಗಲೆಲ್ಲ ಅದನ್ನೇ ಕೇಳುವವನು. ಕೈಯಿಂದಲೇ ಕೆದಕಿ ತೆಗೆದ. ಮುಂದಿನ ಕಾಲುವೆಯ ನೀರಿನಲ್ಲಿ ತೊಳೆದ, ಒರೆಸುವ ಕೋಲಿನ ತುದಿಯ ಸ್ಪಂಜಿನಿಂದ ಉಜ್ಜಿದ. ಚಿನ್ನಕ್ಕೆ ಏನೂ ಆಗಿರಲಿಲ್ಲ. ಒಬ್ಬ ಮನುಷ್ಯನ ಒಳಗೆಲ್ಲ ಹಾದು ಬಂದಿದ್ದರೂ ಅದು ಅಚ್ಚಿನಿಂದ ಈಗ ತಾನೇ ಬಿದ್ದ ಹಾಗೆ ಹೊಳೆಯುತ್ತಿತ್ತು. ಎಲೆಯ ಕಿರೀಟ, ಬಿಗಿದ ತುಟಿ, ಕಿವಿಯ ಹಿಂದಿನ ಕೂದಲೆಳೆಯಂಥ ಬಿರುಕು. ಕಣ್ಣು ಎಂದಿನಂತೆ ಅಂಚಿನಾಚೆಗೆ. ಇವನಿಗೆ ಯಾವುದೂ ತಗುಲುವುದಿಲ್ಲ. ಇವನಿಗೆ ತಗುಲಬಾರದೆಂದು ವ್ಯಾಪಾರಿ ಮನೆ ಕಳೆದುಕೊಳ್ಳಬೇಕು, ಅಂತೆರೋಸ ಹರಿದುಹೋಗಬೇಕು, ತೋಗಿ ರಕ್ತ ಸುರಿಸಬೇಕು. ಇವನು ಮಾತ್ರ ಹೇಲಿನಿಂದ ಎದ್ದು ಬಂದರೂ ಹೊಳೆಯುತ್ತಲೇ ಇರುತ್ತಾನೆ.

ಮಗುಚಿದ. ಮೇಲಿನ ಕಿಂಡಿಯಿಂದ ಬಿದ್ದ ಬಿಸಿಲು ಗುಳಿಯನ್ನು ತುಂಬಿತು. ಅಂಗೈಯನ್ನು ಮೆಲ್ಲಗೆ ವಾಲಿಸಿದ, ಕೆನ್ನೆ ಹೊರಳಿತು, ಮತ್ತೂ ಹೊರಳಿತು. ಅವನು ಕಣ್ಣು ಮುಚ್ಚಲಿಲ್ಲ. ಪೂರ್ತಿ ತಿರುಗಲಿ ಎಂದು ಕಾದ. ಆದರೆ ತಗ್ಗಿನಲ್ಲಿ ಯಾರೂ ಇರಲಿಲ್ಲ. ಒಂದು ಮುಖ ಇದ್ದು ಎದ್ದುಹೋದ ಜಾಗವಿತ್ತು, ಯಾರು ಬೇಕಾದರೂ ತಮ್ಮ ಮುಖ ತಂದು ಇಡಬಹುದಾದಷ್ಟು ಜಾಗ. ಇಷ್ಟಕ್ಕಾಗಿಯೇ ಹೆದರಿದ್ದು ಎಂದು ಅನ್ನಿಸಿ ಅವನಿಗೆ ಮೈ ಹಗುರವಾಯಿತು. ಎಷ್ಟೋ ದಿನದ ಮೇಲೆ ಬಂದ ಧೈರ್ಯ ಜ್ವರದ ಹಾಗೆ ಏರಿತು. ಹೊರಗೆ ಹೋಗಿ ಇದನ್ನು ಗೂಡಿನಲ್ಲಿ, ಉಂಗುರಗಳ ಪಕ್ಕದಲ್ಲಿ ಇಡುತ್ತೇನೆ. ತಪ್ಪು ನನ್ನದು ಅನ್ನುತ್ತೇನೆ. ಮಾತನ್ನು ಮನಸ್ಸಿನಲ್ಲೇ ಜೋಡಿಸಿದ. ನೋಡಬೇಕಾದವನು ನಾನು, ನೋಡಲಿಲ್ಲ, ನೀರು ತರಿಸಿದವನೂ ನಾನೇ. ಮಾತು ಚೆನ್ನಾಗಿ ಕೂತಿತು. ಎದ್ದು, ನೆಲ ತೊಳೆದು, ಬಟ್ಟೆ ಸರಿಮಾಡಿಕೊಂಡು, ಮದುವೆಗೆ ಹೊರಟವನ ಹಾಗೆ ಕೂದಲು ಒದ್ದೆ ಮಾಡಿ ನೇವರಿಸಿಕೊಂಡು ಬಾಗಿಲಿಗೆ ಬಂದ.

ಸಿಪಾಯಿ ತಲೆಯೆತ್ತದೆ, ‘ಕೈ,’ ಅಂದ. ಹೊರಗೆ ಬರುವವರನ್ನೆಲ್ಲ ಕೇಳುವ ಮಾತು.

ತ್ರೋಫಿಮ ಎರಡೂ ಕೈ ಚಾಚಿದ. ಕೈಗಳು ಖಾಲಿಯಾಗಿದ್ದವು. ಅವನೂ ಬೆರಗಿನಿಂದ ಅವನ್ನು ನೋಡಿದ. ಯಾವಾಗ ಆಯಿತು ಇದು? ಕೂದಲು ನೇವರಿಸುವಾಗಲೇ? ನಾಲಿಗೆಯ ಮೇಲೆ ಅದು ತಣ್ಣಗೆ, ಅಲುಗದೆ ಮಲಗಿತ್ತು. ಅದರ ಅಡಿಯಲ್ಲಿ, ಜೋಡಿಸಿಟ್ಟಿದ್ದ ಮಾತು.

‘ಬಾಯಿ.’

ಮಾತು ಹೊರಗೆ ಬರಬೇಕಾದರೆ ಅದನ್ನು ಮೊದಲು ಉಗುಳಬೇಕಿತ್ತು. ಅಷ್ಟೇ ಕೆಲಸ. ತುಟಿ ಬಿಚ್ಚಿದರೆ ತಾನಾಗಿಯೇ ಬೀಳುತ್ತಿತ್ತು. ಸಿಪಾಯಿ ಈಗ ತಲೆಯೆತ್ತಿ ನೋಡಿದ. ತ್ರೋಫಿಮ ನುಂಗಿದ. ಈ ಸಲ ಅದು ಬೆಚ್ಚಗಿರಲಿಲ್ಲ. ನೀರು ತಂದುಕೊಡುವವರೂ ಇರಲಿಲ್ಲ. ಗಂಟಲನ್ನು ಕೆರೆಯುತ್ತ, ತಡೆಯುತ್ತ, ನಿಧಾನವಾಗಿ ಇಳಿಯಿತು. ಕಣ್ಣಲ್ಲಿ ನೀರು ಬಂತು.

‘ಬಾಯಿ ಅಂದೆ.’

ಬಾಯಿ ತೆರೆದ. ಅಗಲವಾಗಿ, ಒಳಗಿನದೆಲ್ಲ ಕಾಣುವಷ್ಟು. ‘ನಾಲಿಗೆ ಎತ್ತು,’ ಅಂದ ಸಿಪಾಯಿ. ಎತ್ತಿದ. ಅಡಿಯಲ್ಲಿ ಏನೂ ಇರಲಿಲ್ಲ. ‘ಅಂಜೂರ ತಿಂದಿದೀಯ, ಬೀಜ ಸಿಕ್ಕೊಂಡಿದೆ. ಹೋಗು.’

ಅಂಗಳದ ಆಚೆ ಕೊಟ್ಟಿಗೆಯ ಬಾಗಿಲು ತೆರೆದಿತ್ತು. ಇಬ್ಬರು ತೋಗಿಯನ್ನು ಕಂಕುಳಲ್ಲಿ ಹಿಡಿದು ಬಿಸಿಲಿಗೆ ತರುತ್ತಿದ್ದರು. ಅಷ್ಟಗಲದ ಬೆನ್ನು ಒದ್ದೆ ಬಟ್ಟೆಯ ಹಾಗೆ ಮಡಚಿಹೋಗಿತ್ತು. ಬೆಳಕಿಗೆ ಕಣ್ಣು ಕಿರಿದು ಮಾಡಿ ತೋಗಿ ಅಂಗಳವನ್ನೆಲ್ಲ ಹುಡುಕಿದ. ತ್ರೋಫಿಮನನ್ನು ಕಂಡದ್ದೇ ನಿಂತ. ಹಿಡಿದವರ ಕೈಯೊಳಗಿಂದ ತನ್ನ ಎಡಗೈಯನ್ನು ಕೊಂಚ ಎತ್ತಿ, ಬೆರಳುಗಳನ್ನು ಬಿಡಿಸಿ, ಹುಬ್ಬು ಹಾರಿಸಿದ. ಹೇಗಿದಾವೆ?

ತ್ರೋಫಿಮ ಕೈಯೆತ್ತಿ ಬೆರಳುಗಳನ್ನು ಅಗಲಿಸಿ ತೋರಿಸಿದ. ಎಲ್ಲವೂ ಇದ್ದವು.